ಡೋಡೋ ಮತ್ತು ಎರೆಭೂತ



ಮಾರಿಷಸ್ ದ್ವೀಪದ ಡೋಡೋ ಹಾರಲಾರದ ಹಕ್ಕಿ. 1598ರಲ್ಲಿ ಡಚ್ಚರು ಅಲ್ಲಿಗೆ ಬಂದರು. ಹಡಗುಗಳಿಂದ ಇಳಿದ ಹಂದಿ, ಮಂಗ, ಇಲಿಗಳು ನೆಲದ ಮೇಲಿನ ಮೊಟ್ಟೆಗಳನ್ನು ತಿಂದವು. ನೂರು ವರ್ಷದೊಳಗೆ ಡೋಡೋ ಅಳಿಯಿತು.

ಎರೆಭೂತ ಮುನವಳ್ಳಿಯ ಹೊಲಗಳಲ್ಲಿರುವ ಎರೆಮಣ್ಣಿನ ಹೆಸರನ್ನೇ ಹೊತ್ತ ಹಕ್ಕಿ. ಪುಸ್ತಕಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅದೂ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹಾರಬಲ್ಲದಾದರೂ ಎದುರಿನ ವಿದ್ಯುತ್ ತಂತಿ ಕಾಣದೆ ಬಡಿದು ಸಾಯುತ್ತದೆ. ಹುಲ್ಲುಗಾವಲು ಉಳುಮೆಗೆ ಹೋದಂತೆ, ಉಳಿದ ತುಣುಕುಗಳೇ ಅದಕ್ಕೆ ದ್ವೀಪಗಳಾಗಿವೆ. ದೇಶದ ಬಯಲುಗಳಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆ; ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು.

ಡೋಡೋ ಅಳಿಯುತ್ತಿರುವುದು ಆಗ ಯಾರ ಗಮನಕ್ಕೂ ಬರಲಿಲ್ಲ. ಎರೆಭೂತದ ವಿಷಯದಲ್ಲಿ ಆ ನೆಪ ಯಾರಿಗೂ ಇಲ್ಲ. ಹುಲ್ಲುಗಾವಲನ್ನು ಬೀಳು ನೆಲವೆಂದು ಬಗೆಯುವುದು ನಿಂತರೆ ಮಾತ್ರ ಆ ಒಂದು ಮೊಟ್ಟೆಗೆ ನೆಲೆ.