ಪಾವಗಡದಲ್ಲಿ ಬಿಸಿಲಿನ ಬೆಳೆ



ನಮ್ಮ ರಾಜ್ಯದ ಭೂಪಟದಲ್ಲಿ ತುಮಕೂರು ಜಿಲ್ಲೆಯನ್ನು ಹುಡುಕಿ. ಅದರ ಉತ್ತರದ ತುದಿಯಲ್ಲಿ, ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಒಂದು ತಾಲ್ಲೂಕು ಕಾಣುತ್ತದೆ. ಅದೇ ಪಾವಗಡ. ಪಶ್ಚಿಮ ಘಟ್ಟಗಳಲ್ಲಿ ಮಳೆ ಸುರಿಸಿದ ಮುಂಗಾರು ಮೋಡಗಳು ಇಲ್ಲಿಗೆ ಬರುವ ಹೊತ್ತಿಗೆ ಬರಿದಾಗಿರುತ್ತವೆ. ಕಡಲೆಕಾಯಿ ಬಿತ್ತಿ, ಮಳೆ ಕೈಕೊಟ್ಟು, ಬೀಜಕ್ಕೆ ಹಾಕಿದ ಹಣವನ್ನೂ ಕಳೆದುಕೊಂಡು ಕೂಲಿಗಾಗಿ ಬೆಂಗಳೂರಿಗೆ ಹೋದ ಕುಟುಂಬಗಳು ಇಲ್ಲಿ ಬಹಳ. ಪೈರನ್ನು ಒಣಗಿಸುತ್ತಿದ್ದ ಅದೇ ಬಿಸಿಲಿನಿಂದ ಇಂದು ಇಲ್ಲಿ ವಿದ್ಯುತ್ ಉತ್ಪಾದನೆಯಾಗುತ್ತಿದೆ.

ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ಹರಡಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳು ಸೇರಿ 2015ರಲ್ಲಿ ಸ್ಥಾಪಿಸಿದ ನಿಗಮವೊಂದು ಇದನ್ನು ರೂಪಿಸಿತು. 2018ರ ಮಾರ್ಚ್ ತಿಂಗಳಲ್ಲಿ ಪಾರ್ಕ್ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಪೂರ್ಣ ಸಾಮರ್ಥ್ಯವಾದ 2,050 ಮೆಗಾವಾಟ್ ಸಿದ್ಧವಾಯಿತು.

ಬಿಸಿಲು ವಿದ್ಯುತ್ತಾಗುವುದು ಹೇಗೆ? ಫಲಕದಲ್ಲಿರುವುದು ಸಿಲಿಕಾನ್ ಕೋಶಗಳು. ಬೆಳಕು ಬಿದ್ದಾಗ ಸಿಲಿಕಾನ್‌ನಲ್ಲಿರುವ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಒಂದೇ ದಿಕ್ಕಿನಲ್ಲಿ ಹರಿಯುತ್ತವೆ. ಈ ನೇರ ವಿದ್ಯುತ್ತನ್ನು ಇನ್ವರ್ಟರ್ ಎಂಬ ಯಂತ್ರ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ತಂತಿಜಾಲಕ್ಕೆ ಕಳುಹಿಸುತ್ತದೆ. ಒಂದು ಮಾತನ್ನು ಗಮನಿಸಿ: ಕೋಶಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಫಲಕ ಹೆಚ್ಚು ಕಾದಷ್ಟೂ ಅದರ ಉತ್ಪಾದನೆ ತುಸು ಇಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ. ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಅದರ ಐದನೇ ಒಂದು ಭಾಗ, ಅಂದರೆ 200 ವಾಟ್, ವಿದ್ಯುತ್ತಾಗುತ್ತದೆ ಎಂದುಕೊಳ್ಳಿ. ಒಂದು ಮೆಗಾವಾಟ್‌ಗೆ 5,000 ಚದರ ಮೀಟರ್ ಫಲಕ ಸಾಕು. ಅದು ಒಂದೂಕಾಲು ಎಕರೆಗಿಂತ ಕಡಿಮೆ. ಆದರೆ ಪಾವಗಡದಲ್ಲಿ ಪ್ರತಿ ಮೆಗಾವಾಟ್‌ಗೆ ಆರು ಎಕರೆಗೂ ಹೆಚ್ಚು ಭೂಮಿ ಹೋಗಿದೆ. ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳದಂತೆ ಅಂತರ ಬೇಕು. ರಸ್ತೆ, ಉಪಕೇಂದ್ರಗಳಿಗೂ ಸ್ಥಳ ಬೇಕು.

ಪ್ರಯೋಜನಗಳು ದೊಡ್ಡವೇ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ರೈಲಿನಲ್ಲಿ ಹೊರಗಿನಿಂದ ಬರಬೇಕು. ಸೌರ ಪಾರ್ಕಿಗೆ ಇಂಧನದ ಖರ್ಚಿಲ್ಲ; ವಿದ್ಯುತ್ ತಯಾರಾಗುವಾಗ ಹೊಗೆಯಿಲ್ಲ, ಬೂದಿಯಿಲ್ಲ. ಬೆಲೆಯೂ ಇಳಿದಿದೆ. ಭಾರತದಲ್ಲಿ 2010ರ ಸುಮಾರಿಗೆ ಯೂನಿಟ್‌ಗೆ 10 ರೂಪಾಯಿಗೂ ಹೆಚ್ಚಿದ್ದ ಸೌರ ವಿದ್ಯುತ್ತಿನ ದರ, 2017ರಲ್ಲಿ ರಾಜಸ್ಥಾನದ ಭಡ್ಲಾ ಪಾರ್ಕಿನ ಹರಾಜಿನಲ್ಲಿ 2 ರೂಪಾಯಿ 44 ಪೈಸೆಗೆ ಬಂದಿತು.

ಹಾಗೆಂದು 2,050 ಮೆಗಾವಾಟ್ ದಿನವಿಡೀ ದೊರೆಯುತ್ತದೆಂದು ಭಾವಿಸಬೇಡಿ. ರಾತ್ರಿ ಉತ್ಪಾದನೆ ಸೊನ್ನೆ, ಮೋಡವಿದ್ದರೆ ಅರೆಬರೆ. ವರ್ಷದ ಸರಾಸರಿ ತೆಗೆದರೆ ಸಾಮರ್ಥ್ಯದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಕೈಗೆ ಬರುತ್ತದೆ. ಆದ್ದರಿಂದ ಸೌರಶಕ್ತಿಗೆ ಜೊತೆ ಬೇಕು. ಹಗಲು ಬಿಸಿಲಿನ ವಿದ್ಯುತ್ ಬಳಸಿದರೆ ಲಿಂಗನಮಕ್ಕಿಯಂಥ ಜಲಾಶಯಗಳ ನೀರನ್ನು ಉಳಿಸಿ, ದೀಪ ಹಚ್ಚುವ ಹೊತ್ತಿಗೆ ಬಳಸಿಕೊಳ್ಳಬಹುದು.

ಪಾವಗಡದ ನಿಜವಾದ ಹೊಸತನ ಇರುವುದು ಭೂಮಿಯ ವಿಷಯದಲ್ಲಿ. ಸರ್ಕಾರ ರೈತರ ಹೊಲಗಳನ್ನು ಕೊಂಡುಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಭೂಮಿಯ ಒಡೆತನ ರೈತರದೇ. ಹತ್ತು ಎಕರೆ ಕೊಟ್ಟವರಿಗೆ ಮಳೆ ಬಂದರೂ ಬಾರದಿದ್ದರೂ ಮೊದಲ ವರ್ಷವೇ 2,10,000 ರೂಪಾಯಿ. ಬರ ಕಂಡ ಮನೆಗೆ ಇದು ಸಣ್ಣ ಆಸರೆಯಲ್ಲ.

ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಪೇಟೆಯ ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, 100 ರೂಪಾಯಿಯ ಸಾಮಾನಿಗೆ ಎರಡು ವರ್ಷದ ನಂತರ 110 ರೂಪಾಯಿ 25 ಪೈಸೆ ಕೊಡಬೇಕು. ಗುತ್ತಿಗೆಯ 100 ರೂಪಾಯಿ ಅಷ್ಟರಲ್ಲಿ 105 ಮಾತ್ರ ಆಗಿರುತ್ತದೆ. 28 ವರ್ಷಕ್ಕೆ ಈ ಅಂತರ ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿ ನೋಡಿ.

ಎರಡನೆಯದು ಇನ್ನೂ ಕಠಿಣವಾದದ್ದು. ಹೊಲವಿದ್ದವರಿಗೆ ಗುತ್ತಿಗೆಯ ಹಣ ಬಂದಿತು. ಆ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಜೀವನ ಸಾಗಿಸುತ್ತಿದ್ದ ಭೂರಹಿತ ಕೂಲಿಕಾರರಿಗೆ, ಅದರಲ್ಲೂ ಹೆಂಗಸರಿಗೆ, ಗುತ್ತಿಗೆಗೆ ಕೊಡಲು ಏನಿತ್ತು? ಕುರಿಗಾಹಿಗಳು ಮಂದೆ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿದ್ದಿತು. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು ಕೆಲವರಿಗೆ ಉದ್ಯೋಗ ನೀಡಿದವು. ಆದರೆ ಕಟ್ಟುವಾಗ ಬೇಕಾದಷ್ಟು ಕೈಗಳು ನಡೆಸುವಾಗ ಬೇಕಾಗುವುದಿಲ್ಲ.

ಇದಕ್ಕೆ ಉಪಾಯಗಳು ಇಲ್ಲದಿಲ್ಲ. ಅಮೆರಿಕ, ಆಸ್ಟ್ರೇಲಿಯಾ ದೇಶಗಳಲ್ಲಿ ಫಲಕಗಳ ನಡುವೆ ಕುರಿ ಮೇಯಿಸುತ್ತಾರೆ. ಹುಲ್ಲು ಕತ್ತರಿಸುವ ಖರ್ಚು ಉಳಿಯುತ್ತದೆ, ಕುರಿಗೆ ಮೇವು ಸಿಗುತ್ತದೆ. ಫಲಕಗಳನ್ನು ಎತ್ತರಿಸಿ ಕೆಳಗೆ ತರಕಾರಿ ಬೆಳೆಯುವ ಪ್ರಯೋಗಗಳೂ ಹಲವು ಕಡೆ ನಡೆದಿವೆ. ಇವುಗಳನ್ನು ಪಾರ್ಕಿನ ನಕ್ಷೆ ಬರೆಯುವಾಗಲೇ ಯೋಚಿಸಬೇಕು. ಬೇಲಿ ಹಾಕಿದ ಮೇಲೆ ಸೇರಿಸುವುದು ಕಷ್ಟ.

ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗುತ್ತೀರಿ, ಕೆಲವರು ಅಧಿಕಾರಿಗಳಾಗುತ್ತೀರಿ. ಹೊಸ ಸೌರ ಪಾರ್ಕಿನ ಕಡತ ನಿಮ್ಮ ಮೇಜಿಗೆ ಬಂದಾಗ ಎಷ್ಟು ಮೆಗಾವಾಟ್, ಎಷ್ಟು ಎಕರೆ ಎಂದು ನೋಡುತ್ತೀರಿ. ಆ ನೆಲವನ್ನು ನಂಬಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬ ಅಂಕಿಯನ್ನೂ ಆಗ ಕೇಳಿ ಪಡೆಯಿರಿ.