ಶರಣಾಗತಿ ಎಂದರೆ ಕೈಚೆಲ್ಲುವುದಲ್ಲ



ಯುದ್ಧದಲ್ಲಿ ಸೋತವನು ಆಯುಧ ಕೆಳಗಿಟ್ಟರೆ ಅದನ್ನು ಶರಣಾಗತಿ ಎನ್ನುತ್ತಾರೆ. ಭಕ್ತ ತನ್ನನ್ನು ದೇವರಿಗೆ ಒಪ್ಪಿಸಿಕೊಂಡರೆ ಅದೂ ಶರಣಾಗತಿಯೇ. ಮೊದಲನೆಯದರಲ್ಲಿ ಸೋಲಿದೆ, ಎರಡನೆಯದರಲ್ಲಿ ನಂಬಿಕೆಯಿದೆ. ಇವೆರಡೂ ಬೆರೆತಾಗ ಗೊಂದಲ ಹುಟ್ಟುತ್ತದೆ. ಕಣ್ಣೆದುರೇ ಅನ್ಯಾಯ ನಡೆಯುತ್ತಿದ್ದರೂ ‘ಎಲ್ಲ ದೇವರ ಚಿತ್ತ’ ಎಂದು ಸುಮ್ಮನಿರುವುದು ಭಕ್ತಿಯೇ? ಕ್ರೈಸ್ತ ಧರ್ಮದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

ಕ್ರೈಸ್ತರ ಪಾಲಿಗೆ ಶರಣಾಗತಿಯ ಮಾದರಿ ಗೆತ್ಸೆಮನೆ ತೋಟದ ಪ್ರಾರ್ಥನೆ. ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ. ಸೆರೆಯಾಗುವ ಮುನ್ನ ಯೇಸು ಅಲ್ಲಿ ಪ್ರಾರ್ಥಿಸಿದರೆಂದು ಬೈಬಲಿನ ಸುವಾರ್ತೆಗಳು ಹೇಳುತ್ತವೆ. ಒದಗಿರುವ ಸಂಕಟ ತಪ್ಪುವುದಾದರೆ ತಪ್ಪಲಿ ಎಂದೇ ಅವರು ಮೊದಲು ಬೇಡುತ್ತಾರೆ. ದುಃಖವನ್ನು ಮುಚ್ಚಿಡುವುದಿಲ್ಲ. ಆ ಬಳಿಕವೇ ತಮ್ಮ ಇಚ್ಛೆಯನ್ನು ತಂದೆಯ ಇಚ್ಛೆಗೆ ಒಪ್ಪಿಸುತ್ತಾರೆ. ಅಂದರೆ, ಕ್ರೈಸ್ತ ಶರಣಾಗತಿಯಲ್ಲಿ ಮನುಷ್ಯನ ಬಯಕೆಗೂ ಅಳಲಿಗೂ ಜಾಗವಿದೆ.

20ನೇ ಶತಮಾನದಲ್ಲಿ ಈ ಶರಣಾಗತಿಯ ಅರ್ಥವನ್ನು ತಮ್ಮ ಬದುಕಿನಲ್ಲೇ ಒರೆಗೆ ಹಚ್ಚಿದವರು ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಶ್ ಬಾನ್‌ಹೋಫರ್. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ, ಆಳುವವರಿಗೆ ವಿಧೇಯರಾಗಿರಬೇಕೆಂಬ ಬೈಬಲಿನ ಬೋಧನೆಯನ್ನು ಮುಂದಿಟ್ಟು ಅಲ್ಲಿನ ಅನೇಕ ಕ್ರೈಸ್ತರು ತೆಪ್ಪಗಾದರು. ತುಳಿತಕ್ಕೆ ಸಿಕ್ಕವರ ಗಾಯಕ್ಕೆ ಮದ್ದು ಹಚ್ಚಿದರಷ್ಟೇ ಸಾಲದು, ತುಳಿಯುವ ಚಕ್ರವನ್ನೇ ತಡೆಯಬೇಕಾಗಬಹುದು ಎಂಬರ್ಥದಲ್ಲಿ 27ರ ಹರೆಯದ ಬಾನ್‌ಹೋಫರ್ ಅದೇ ವರ್ಷ ಬರೆದರು.

ಅಹಿಂಸೆಯ ಮಾರ್ಗವನ್ನು ಹತ್ತಿರದಿಂದ ಅರಿಯಲು ಭಾರತಕ್ಕೆ ಬರುವ ಆಸೆ ಅವರಿಗಿತ್ತು. 1934ರಲ್ಲಿ ಗಾಂಧೀಜಿ ಪತ್ರ ಬರೆದು ಆಹ್ವಾನಿಸಿದ್ದರು. ಆದರೆ ನಾಜಿಗಳಿಗೆ ತಲೆಬಾಗದ ಚರ್ಚಿನ ಭಾವೀ ಪಾದ್ರಿಗಳಿಗೆ ತರಬೇತಿ ನೀಡುವ ಹೊಣೆ ಹೆಗಲೇರಿದ್ದರಿಂದ ಪ್ರಯಾಣ ಕೈಗೂಡಲಿಲ್ಲ. ಆ ತರಬೇತಿ ಶಾಲೆಯನ್ನು 1937ರಲ್ಲಿ ಗೆಸ್ಟಪೊ ಪೊಲೀಸರು ಮುಚ್ಚಿಸಿದರು.

1939ರ ಜೂನ್‌ನಲ್ಲಿ ಅವರು ನ್ಯೂಯಾರ್ಕ್ ತಲುಪಿದರು. ಅಲ್ಲೇ ಉಳಿದಿದ್ದರೆ ಜೀವ ಉಳಿಯುತ್ತಿತ್ತು. ಆದರೆ ದೇಶದ ಕಷ್ಟದಲ್ಲಿ ಪಾಲು ಪಡೆಯದವನಿಗೆ ಮುಂದೆ ಅದನ್ನು ಕಟ್ಟುವ ಹಕ್ಕಿರದು ಎಂದು ಭಾವಿಸಿ ಮರುತಿಂಗಳೇ ಹಿಂದಿರುಗಿದರು. ಬಳಿಕ ಹಿಟ್ಲರ್‌ನನ್ನು ಉರುಳಿಸಲು ಯತ್ನಿಸುತ್ತಿದ್ದ ಗುಪ್ತ ಗುಂಪಿನ ಜತೆ ಸೇರಿದರು. ಅಹಿಂಸೆಯನ್ನು ಕಲಿಯಬಯಸಿದ್ದ ವ್ಯಕ್ತಿಗೆ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಇಂಥ ಹೆಜ್ಜೆಯಲ್ಲಿ ಪಾಪವಿಲ್ಲ ಎಂದು ಅವರು ವಾದಿಸಲಿಲ್ಲ. ಹೊಣೆ ಹೊತ್ತವನು ತಪ್ಪಿನ ಭಾರವನ್ನೂ ಹೊತ್ತು ದೇವರ ಕರುಣೆಗೆ ತನ್ನನ್ನು ಒಪ್ಪಿಸಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು.

1943ರ ಏಪ್ರಿಲ್ 5ರಂದು ಅವರ ಬಂಧನವಾಯಿತು. ಮದುವೆ ನಿಶ್ಚಯವಾಗಿ ಮೂರು ತಿಂಗಳಾಗಿತ್ತಷ್ಟೆ. ಎಲ್ಲಿಯವರೆಗೆ ಎದುರಿಸಿ ನಿಲ್ಲಬೇಕು, ಎಲ್ಲಿಂದ ಒಪ್ಪಿಕೊಳ್ಳಬೇಕು ಎಂಬ ಪ್ರಶ್ನೆ ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ಬರೆದ ಪತ್ರವೊಂದರಲ್ಲಿ ಬರುತ್ತದೆ. ಎರಡೂ ಬೇಕು, ಆದರೆ ಗಡಿಯನ್ನು ಮೊದಲೇ ಗೆರೆ ಎಳೆದಂತೆ ಗುರುತಿಸಲಾಗದು ಎಂಬುದು ಅವರು ಕಂಡುಕೊಂಡ ಉತ್ತರ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಆಗ ಅವರಿಗೆ 39 ವರ್ಷ. ಒಂದು ತಿಂಗಳೊಳಗೆ ಯೂರೋಪಿನಲ್ಲಿ ಯುದ್ಧ ಮುಗಿಯಿತು.

ಸೆರೆಮನೆಯ ಆ ಪತ್ರಗಳನ್ನು ಗೆಳೆಯ ಎಬರ್‌ಹಾರ್ಡ್ ಬೆತ್ಗೆ 1951ರಲ್ಲಿ ಪುಸ್ತಕವಾಗಿ ತಂದರು. ಅದರ ಜರ್ಮನ್ ಹೆಸರಿನ ಅರ್ಥ ‘ಪ್ರತಿರೋಧ ಮತ್ತು ಶರಣಾಗತಿ’. ಪ್ರತಿರೋಧ ಮುಗಿದ ಮೇಲೆ ಶರಣಾಗತಿ ಎಂದು ಆ ಹೆಸರನ್ನು ಓದಬೇಕಾಗಿಲ್ಲ. ದೇವರಿಗೆ ಬಾಗಿದ ತಲೆ ಅನ್ಯಾಯಕ್ಕೆ ಬಾಗಬೇಕಿಲ್ಲ ಎಂದೂ ಓದಬಹುದು. ನೊಂದವರಿಗೆ ‘ದೇವರ ಇಚ್ಛೆ, ಸಹಿಸಿಕೊಳ್ಳಿ’ ಎಂದು ಬುದ್ಧಿ ಹೇಳುವ ಮೊದಲು ಈ ಮಾತನ್ನು ನೆನೆಯುವುದು ಒಳ್ಳೆಯದು.