ಜೀಪಿನ ಉಸಿರು



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡು ಬಂದ ಮನುಷ್ಯ ಇಂದು ಜೀಪಿನ ಹಿಂಬದಿಯ ಅಚ್ಚಿನ ವಿಷಯವಾಗಿ ಮಾತನಾಡಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ. ನನಗೆ ಈ ವಿದ್ಯೆ ಗ್ರಂಥದಿಂದ ಬಂದದ್ದಲ್ಲ. ಒಂದು ಮಳೆಗಾಲದ ರಾತ್ರಿಯ ತರುವಾಯ, ಗ್ಯಾರೇಜೊಂದರ ಎಣ್ಣೆ ಬಿದ್ದ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಕಲಿತದ್ದು. ಅದಕ್ಕೆ ಬೆಲೆ ತೆತ್ತವರು ಮಾತ್ರ ನಾನಲ್ಲ, ನನ್ನ ತಂದೆಯವರು.

ನಮ್ಮದು ಹೊಸನಗರದ ಸೀಮೆಯ ಒಂದು ಒಂಟಿಮನೆ. ಮನೆಗೂ ಟಾರು ರಸ್ತೆಗೂ ನಡುವೆ ಎರಡೂವರೆ ಮೈಲಿಯ ಕಾಡುದಾರಿ, ದಾರಿಯ ಮೊದಲಲ್ಲೇ ಒಂದು ಹಳ್ಳ. ಬೇಸಗೆಯಲ್ಲಿ ಅದನ್ನು ದಾಟಿದರೆ ಪಾದವೂ ಪೂರ್ತಿ ನೆನೆಯದು. ಮಳೆ ಹಿಡಿದ ಮೇಲೆ ಮನುಷ್ಯರಿಗೆ ಅಡಕೆಮರದ ಕಾಲುಸಂಕ, ಜೀಪಿಗೆ ನೀರೇ ದಾರಿ. ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಈ ವಾಹನವನ್ನು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿಯೇ ಜೋಡಿಸತೊಡಗಿದರು. ಅಂದಿನಿಂದ ಮಲೆನಾಡಿನಲ್ಲಿ ಅದು ಹಾಲಿನ ಕ್ಯಾನು, ಅಡಕೆ ಮೂಟೆ, ಮದುವೆಯ ದಿಬ್ಬಣ, ಬಸುರಿ ಬಾಣಂತಿ ಎಲ್ಲವನ್ನೂ ಹೊತ್ತಿದೆ. ನೆರೆಮನೆಯವರ ಬಾಡಿಗೆ ಜೀಪು ಇಡೀ ಕೇರಿಗೆ ಆಧಾರವಾಗಿತ್ತು.

1994ರ ಪುಷ್ಯ ಮಳೆಯ ಒಂದು ರಾತ್ರಿ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಜೀಪು ಬಂತು, ಹಳ್ಳವನ್ನೂ ದಾಟಿತು. ಆಚೆ ದಂಡೆಯ ಏರನ್ನು ಅರ್ಧ ಹತ್ತುವಷ್ಟರಲ್ಲಿ ಹಿಂದಿನಿಂದ ಗೂಳಿಯೊಂದು ನರಳಿದಂಥ ಸದ್ದು. ಮರುಕ್ಷಣ ಹಿಂಚಕ್ರಗಳೆರಡೂ ಬಿಗಿದುಕೊಂಡು ನಿಂತುವು. ಎರಡು ಗಳುಗಳಿಗೆ ಕಂಬಳಿ ಕಟ್ಟಿ, ತಂದೆಯವರನ್ನು ಅದರಲ್ಲಿ ಮಲಗಿಸಿ, ಉಳಿದ ದಾರಿಯನ್ನು ಹೊತ್ತೇ ನಡೆದೆವು. ಟಾರು ರಸ್ತೆಯಲ್ಲಿ ಲಾರಿಯೊಂದು ಸಿಕ್ಕಿ ಶಿವಮೊಗ್ಗ ಸೇರುವಾಗ ಬೆಳಕು ಹರಿದಿತ್ತು. ತಂದೆಯವರು ಬದುಕಿದರು, ಆದರೆ ಬಲಗೈ ಹಿಂದಿರುಗಲಿಲ್ಲ. ಬೇಗ ತಲುಪಿದ್ದರೆ ಹಿಂದಿರುಗುತ್ತಿತ್ತೇ ಎಂಬ ಪ್ರಶ್ನೆಯನ್ನು ನಾನು ವೈದ್ಯರನ್ನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಆ ರಾತ್ರಿ ಚಾಲಕನನ್ನು ನಾನು ಬಾಯಿಗೆ ಬಂದಂತೆ ಬಯ್ದಿದ್ದೆ. ಅವನು ತಲೆ ತಗ್ಗಿಸಿ, "ಎರಡು ದಿನದಿಂದ ಹಿಂದುಗಡೆ ಊಳಿಡ್ತಿತ್ತು ಮೇಷ್ಟ್ರೆ, ಮಳೆ ಸದ್ದಿನಲ್ಲಿ ನಾನು ಲಕ್ಷ್ಯ ಕೊಡಲಿಲ್ಲ" ಎಂದಷ್ಟೇ ಹೇಳಿದ. ವಾರದ ಮೇಲೆ ಬಯ್ದುದರ ಪಶ್ಚಾತ್ತಾಪವೂ, ಕಾರಣ ತಿಳಿಯಬೇಕೆಂಬ ಹಟವೂ ಸೇರಿ ನನ್ನನ್ನು ಗ್ಯಾರೇಜಿಗೆ ಕರೆದೊಯ್ದುವು. ಅಲ್ಲಿಯ ಮೇಸ್ತ್ರಿ ಅಚ್ಚಿನ ನಡುವಿನ ಗುಂಡನೆಯ ಉಕ್ಕಿನ ಪೆಟ್ಟಿಗೆಯ ತಳದ ತಿರುಪನ್ನು ಬಿಚ್ಚಿದ. ಜೇನಿನ ಬಣ್ಣದ, ಗಂಧಕದ ವಾಸನೆಯ ದಪ್ಪ ಎಣ್ಣೆ ಸುರಿಯಬೇಕಾದಲ್ಲಿ ಹಾಲು ಹೆಚ್ಚಾದ ಕಾಫಿಯಂಥ ನೊರೆ ನೊರೆ ದ್ರವ ಸುರಿಯಿತು. ಹಿಂದೆಯೇ ಬೇರಿಂಗಿನ ಚೂರುಗಳು.

ಆ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ಕಣದಲ್ಲಿ ರೋಣ ಹೊಡೆಯುವುದನ್ನು ಕಂಡವರಿಗೆ ಅದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ನಿಧಾನವಾಗಿ ಹೆಜ್ಜೆಯಿಡುತ್ತದೆ. ಹೊರಗಿನ ಎತ್ತು ಸುತ್ತು ಮುಗಿಸಲು ಬೀಸುಗಾಲು ಹಾಕಬೇಕು. ತಿರುವಿನಲ್ಲಿ ವಾಹನದ ಎರಡು ಚಕ್ರಗಳ ಪಾಡೂ ಇದೇ. ಒಂದೇ ಇಂಜಿನಿನ ಬಲವನ್ನು ಎರಡಕ್ಕೂ ಹಂಚಿ, ಒಂದು ನಿಧಾನವಾಗಿಯೂ ಇನ್ನೊಂದು ವೇಗವಾಗಿಯೂ ಹೋಗಗೊಡುವ ಹಲ್ಲುಚಕ್ರಗಳ ಈ ಏರ್ಪಾಟನ್ನು ಉಗಿಬಂಡಿಗೆಂದು 1820ರ ದಶಕದ ಕೊನೆಯಲ್ಲಿ ಯೋಜಿಸಿದವನು ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರ ತಯಾರಕ. ಹಲ್ಲಿಗೆ ಹಲ್ಲು ಉಜ್ಜುವ ಈ ಸಂಸಾರಕ್ಕೆ ನಡುವೆ ಎಣ್ಣೆಯ ಪೊರೆಯೊಂದು ಇರಲೇಬೇಕು. ನೀರು ಬೆರೆತ ಎಣ್ಣೆಯಲ್ಲಿ ಆ ಪೊರೆ ನಿಲ್ಲದು. ನಿಂತ ಗಾಡಿಯಲ್ಲಿ ತುಕ್ಕು, ಓಡುವ ಗಾಡಿಯಲ್ಲಿ ಸವೆತ.

"ಹಳ್ಳದ ನೀರು ಇಷ್ಟೊಂದು ರಭಸದಿಂದ ನುಗ್ಗಿತೇ?" ಎಂದೆ.

"ನುಗ್ಗಿದ್ದಲ್ಲ ಮೇಷ್ಟ್ರೆ, ಗಾಡೀನೇ ಕುಡಿದದ್ದು" ಎಂದ ಮೇಸ್ತ್ರಿ.

ಎಂದವನು ಒಲೆಯ ಮೇಲಿದ್ದ ಬಿಸಿನೀರನ್ನು ಒಂದು ಗಾಜಿನ ಶೀಶೆಗೆ ಹುಯ್ದು, ಅಲುಗಿಸಿ, ಚೆಲ್ಲಿ, ಬರಿದಾದ ಶೀಶೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಬೋರಲು ಹಿಡಿದ. ನೋಡನೋಡುತ್ತಿದ್ದಂತೆ ನೀರು ಶೀಶೆಯೊಳಕ್ಕೆ ಮೇಲೇರಿತು. ನಾನು ಎಷ್ಟೋ ವಿಜ್ಞಾನದ ಅಧ್ಯಾಪಕರ ಜೊತೆ ಕಾಲೇಜಿನಲ್ಲಿ ಕಾಫಿ ಕುಡಿದಿದ್ದೇನೆ. ಇಷ್ಟು ಸುಲಭವಾಗಿ ಯಾರೂ ನನಗೆ ಭೌತಶಾಸ್ತ್ರ ಹೇಳಿರಲಿಲ್ಲ.

ವಿಷಯ ಇಷ್ಟೇ. ಹೊರೆ ಹೊತ್ತು ಏರು ಹತ್ತಿ ಬಂದ ಜೀಪಿನ ಅಚ್ಚು ಮುಟ್ಟಲಾಗದಷ್ಟು ಕಾದಿರುತ್ತದೆ. ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗಬೇಕು, ತಣಿದಾಗ ಹೊರಗಿನ ಗಾಳಿ ಒಳಬರಬೇಕು. ಅದಕ್ಕೆಂದೇ ಅಚ್ಚಿನ ನೆತ್ತಿಯ ಮೇಲೆ ಒಂದು ಸಣ್ಣ ರಂಧ್ರ, ಅದರ ಮೇಲೆ ಬೆರಳತುದಿಯಷ್ಟು ಟೋಪಿ. ಇದಕ್ಕೆ ಬ್ರೀದರ್ ಎನ್ನುತ್ತಾರೆ. ಕನ್ನಡದಲ್ಲಿ ಉಸಿರುದಾಣ ಎನ್ನಬಹುದೇನೋ. ಹಳಗನ್ನಡದಲ್ಲಿ ಉಸಿರ್ ಎಂದರೆ ಶ್ವಾಸವೂ ಹೌದು, ಹೇಳುವುದೂ ಹೌದು. ಅಚ್ಚು ಎರಡು ದಿನದಿಂದ ಏನನ್ನೋ ಉಸಿರುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ. ಮೇಷ್ಟರ ಚಪಲ, ಕ್ಷಮಿಸಬೇಕು.

ಈ ಕಾದ ಅಚ್ಚು ಹಠಾತ್ತಾಗಿ ಹಳ್ಳದ ತಣ್ಣೀರಿಗೆ ಇಳಿಯುತ್ತದೆ. ಜೀಪಿನ ಅಚ್ಚು ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರದಲ್ಲಿದೆಯಷ್ಟೆ. ಮೊಳಕಾಲುದ್ದ ನೀರು ಸಾಕು, ಉಸಿರುದಾಣ ಮುಳುಗಿತು. ವಾಯುಗಳು ಶಾಖದಿಂದ ಹಿಗ್ಗುವ ನಿಯಮವನ್ನು ಗೇ ಲುಸಾಕ್ 1802ರಲ್ಲಿಯೇ ಪ್ರಕಟಿಸಿದ್ದಾನೆ. ಅದರಂತೆ ಲೆಕ್ಕ ಹಾಕಿ ನೋಡಿದೆ. 80 ಡಿಗ್ರಿ ಕಾದ ಗಾಳಿ ಮುಚ್ಚಿದ ಪೆಟ್ಟಿಗೆಯಲ್ಲಿ ಬರಿಯ 30 ಡಿಗ್ರಿ ತಣಿದರೆ ಹುಟ್ಟುವ ಸೆಳೆತ ನೀರನ್ನು ಸುಮಾರು 85 ಸೆಂಟಿಮೀಟರ್ ಎತ್ತರಕ್ಕೆ ಎತ್ತಬಲ್ಲದು. ಅದೇ ಹೊತ್ತಿನಲ್ಲಿ ಅಚ್ಚಿನ ಮೇಲೆ ನಿಂತಿರುವ ನೀರು ಒಂದು ಗೇಣೂ ಇರಲಾರದು. ಹಳ್ಳದ ಒತ್ತಡಕ್ಕಿಂತ ಅಚ್ಚಿನ ದಾಹವೇ ಹಲವು ಪಟ್ಟು ದೊಡ್ಡದು.

ಉಸಿರುದಾಣ ತೆರೆದಿದ್ದರೆ ನೀರು ಅದರಿಂದಲೇ ಬರುತ್ತದೆ. ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ಕ್ಷೇಮವೆಂದು ನಾನು ಎಣಿಸಿದ್ದೆ, ಮೇಸ್ತ್ರಿ ನಕ್ಕ. ಆಗ ನೀರು ಚಕ್ರದ ಕಡೆಯ ಆಯಿಲ್ ಸೀಲುಗಳಿಂದ ಬರುತ್ತದೆ. ಈ ರಬ್ಬರು ಬಳೆಗಳ ತುಟಿ ಒಳಮುಖವಾಗಿದೆ. ಒಳಗಿನ ಎಣ್ಣೆ ಒತ್ತಿದಷ್ಟೂ ತುಟಿ ಬಿಗಿಯುತ್ತದೆ, ಹೊರಗಿನಿಂದ ಒತ್ತಿದರೆ ಎದ್ದುಕೊಡುತ್ತದೆ. ಎಣ್ಣೆ ಹೊರಹೋಗದಂತೆ ಕಾಯಲು ನಿಂತ ದ್ವಾರಪಾಲಕ ಒಳಬರುವವನನ್ನು ತಡೆಯುವುದಿಲ್ಲ. ಇನ್ನೊಂದು ಕೇಡೂ ಉಂಟು: ಮುಚ್ಚಿದ ಅಚ್ಚು ಕಾದಾಗ ಒಳಗಿನ ಒತ್ತಡ ಮಿತಿಮೀರಿ ಎಣ್ಣೆ ಸೀಲನ್ನು ದಾಟಿ ಬ್ರೇಕಿನ ಲೈನಿಂಗಿಗೆ ಇಳಿಯಬಹುದು. ಘಟ್ಟದ ಇಳಿಜಾರಿನಲ್ಲಿ ಅದರ ಪರಿಣಾಮವನ್ನು ನೀವೇ ಊಹಿಸಿಕೊಳ್ಳಿ.

ಪರಿಹಾರವನ್ನು ಕೇಳಿದಾಗ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು, ಅದು ಅಷ್ಟು ಅಲ್ಪದ್ದಾಗಿತ್ತು. ಆ ಟೋಪಿಯನ್ನು ಬಿಚ್ಚಿ, ಅಲ್ಲಿ ಒಂದು ಹಿತ್ತಾಳೆಯ ಮೂತಿಯನ್ನು ತಿರುಪಿ, ಅದಕ್ಕೆ ಕಿರುಬೆರಳು ಗಾತ್ರದ ರಬ್ಬರು ಕೊಳವೆ ಸಿಕ್ಕಿಸಿ ಕ್ಲಿಪ್ ಬಿಗಿಯಬೇಕು. ಕೊಳವೆಯ ಇನ್ನೊಂದು ತುದಿಯನ್ನು ನೀರು ಏರಲಾರದ ಎತ್ತರಕ್ಕೆ ಒಯ್ಯಬೇಕು. ಮುಂದಿನ ಅಚ್ಚಿನದಾದರೆ ಬಾನೆಟ್ಟಿನ ಕೆಳಗೆ, ಹಿಂದಿನದಾದರೆ ಹಿಂಬದಿಯ ದೀಪದ ಮಟ್ಟಕ್ಕೆ. ಆಮೇಲೆ ಅಚ್ಚು ನೀರಿನೊಳಗಿದ್ದರೂ ಉಸಿರಾಡುವುದು ಮೇಲಿನ ಗಾಳಿಯನ್ನು, ಸೆಳೆತವೇ ಹುಟ್ಟುವುದಿಲ್ಲ. ಕೆಲಸದಲ್ಲಿ ಮಾತ್ರ ಕೆಲವು ನಾಜೂಕುಗಳಿವೆ. ಕೊಳವೆ ಎಣ್ಣೆಯನ್ನು ತಾಳುವ ಜಾತಿಯದಾಗಿರಬೇಕು. ಪೆಟ್ರೋಲು ಹರಿಯುವ ಕೊಳವೆ ಆದೀತು, ತೋಟಕ್ಕೆ ನೀರು ಬಿಡುವ ಕೊಳವೆ ಆಗದು. ಸ್ಪ್ರಿಂಗಿನ ಜೊತೆ ಅಚ್ಚು ಮೇಲೆ ಕೆಳಗೆ ಆಡುವುದರಿಂದ ಕೊಳವೆ ಬಿಗಿಯಾಗಿ ನಿಂತರೆ ಹರಿಯುತ್ತದೆ, ಕೊಂಚ ಸಡಿಲು ಬಿಡಬೇಕು. ಹಾಗೆಂದು ಜೋಲಿಯಂತೆ ಇಳಿಬಿಟ್ಟರೆ ಆ ತಗ್ಗಿನಲ್ಲಿ ಎಣ್ಣೆಯ ಪಸೆ ನಿಂತು ದಾರಿ ಕಟ್ಟುತ್ತದೆ. ಹೊಗೆಕೊಳವೆಯ ಬಳಿ ಸುಳಿಯಗೊಡಬಾರದು. ಮೇಲಿನ ಬಾಯಿಯನ್ನು ಕೆಳಮುಖವಾಗಿ ಬಾಗಿಸಿ ಸಣ್ಣದೊಂದು ಜರಡಿ ಹಾಕಬೇಕು. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಪೆಟ್ಟಿಗೆಗೂ ಇಂಥದೇ ರಂಧ್ರಗಳಿರುವುದರಿಂದ ಅವಕ್ಕೂ ಅದೇ ಉಪಚಾರ ಒಳ್ಳೆಯದು.

ಈಚೆಗೆ ಸಕಲೇಶಪುರ, ಕೊಡಗುಗಳ ಕಡೆ ವಿನೋದಕ್ಕಾಗಿಯೇ ಕೆಸರಿಗಿಳಿಯುವ ತರುಣರು ಇದನ್ನೆಲ್ಲ ಬಲ್ಲರು. ಅವರ ಹವ್ಯಾಸ ನನಗೆ ಅಷ್ಟಾಗಿ ರುಚಿಸದು. ಇದ್ದ ರಸ್ತೆಯನ್ನು ಬಿಟ್ಟು ಹಳ್ಳಕ್ಕೇಕೆ ಇಳಿಯಬೇಕೋ ತಿಳಿಯೆ. ಆದರೆ ಬಲ್ಲದ್ದನ್ನು ಮಳೆಗಾಲದಲ್ಲಿ ಹಳ್ಳಿಯ ಬಾಡಿಗೆ ಜೀಪಿನವರಿಗೆ ಒಂದಿಷ್ಟು ಹೇಳಿಕೊಟ್ಟರೆ ಅವರ ಗಾಡಿಯಂತೆ ಇವರ ಗಾಡಿಗಳೂ ಉಳಿದಾವು. ಕೊಳವೆಯೊಂದಿದ್ದರೆ ಸೀಲು ಹಳೆಯದಾದರೂ ನಡೆದೀತೆಂಬ ಭ್ರಮೆಯೂ ಬೇಡ. ನೀರು ದಾಟಿದ ವಾರದಲ್ಲಿ ತಿರುಪು ಬಿಚ್ಚಿ ಎಣ್ಣೆಯ ಬಣ್ಣ ನೋಡಬೇಕು. ಬೆಳ್ಳಗಾಗಿದ್ದರೆ ಪೂರ್ತಿ ಚೆಲ್ಲಿ ಹೊಸದನ್ನು ತುಂಬಬೇಕು. ಒಂದು ಅಚ್ಚಿಗೆ ಬೇಕಾಗುವುದು ಲೀಟರಿಗಿಂತ ತುಸು ಹೆಚ್ಚು ಎಣ್ಣೆ, ಅಷ್ಟೆ.

ರಿಪೇರಿಯಾದ ಜೀಪಿಗೆ ಮೇಸ್ತ್ರಿಯೇ ಕೊಳವೆ ಹಾಕಿಕೊಟ್ಟ. ಅದಾದ ಮೇಲೆ ಚಾಲಕ ಒಂದು ಅಭ್ಯಾಸ ಮಾಡಿಕೊಂಡ. ಹಳ್ಳದ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ಅಚ್ಚಿನ ಮೇಲೆ ಅಂಗೈ ಇಟ್ಟು ನೋಡುವನು; ಕೈ ತಾಳುವಷ್ಟು ತಣಿಯುವವರೆಗೆ ಒಂದು ಬೀಡಿ ಸೇದುವನು. ತಂದೆಯವರು ಮುಂದಿನ ಸೀಟಿನಲ್ಲಿ ಕುಳಿತಿದ್ದರೆ, ಎಡಗೈಯಿಂದ ನಶ್ಯದ ಡಬ್ಬಿ ತೆರೆಯಲು ಹೆಣಗುತ್ತ, "ಆಯ್ತೇನೋ ನಿನ್ನ ನಾಡಿ ಪರೀಕ್ಷೆ?" ಎಂದು ಕೂಗುವರು. ಅವನು ನಕ್ಕು ಬಂದು ಡಬ್ಬಿ ತೆರೆದು ಕೊಡುವನು. ನಾನು ಬಯ್ದದ್ದನ್ನು ಅವನು ಒಮ್ಮೆಯೂ ಎತ್ತಿ ಆಡಲಿಲ್ಲ.

ಆ ಹಳ್ಳಕ್ಕೆ ಸೇತುವೆಯಾಗಿ ಬಹಳ ಕಾಲವಾಯಿತು. ತಂದೆಯವರೂ ಇಲ್ಲ. ಜೀಪು ನೆರೆಮನೆಯ ಕೊಟ್ಟಿಗೆಯ ಪಕ್ಕದಲ್ಲಿ, ಸೋಗೆಯ ಮಾಡಿನಡಿ ನಿಂತಿದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೊಳೆದು ಕುಂಕುಮ ಹಚ್ಚುತ್ತಾರೆ. ಕಳೆದ ಸಲ ಊರಿಗೆ ಹೋದಾಗ ಬಗ್ಗಿ ನೋಡಿದೆ. ಕಪ್ಪು ಕೊಳವೆ ದೀಪದ ಹಿಂದೆ ಹಾಗೆಯೇ ಇತ್ತು. ಜರಡಿ ಎಂದೋ ಉದುರಿಹೋಗಿ, ಅದರ ಬಾಯಿಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಒಂದು ಹಿಡಿಕಡ್ಡಿ ತಂದು ಬಿಡಿಸಿ ಬಂದೆ.